ಕಿನುಯೊ ಅಜ್ಜಿಯ ಬೆನ್ನು

ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಇಂಗ್ಲಿಷಿನಲ್ಲಿ ಹೇಳಿ ಎಂದು ವೆರೋನಾ ಕೇಳಿದಾಗ ನಾಲ್ಕನೇ ತರಗತಿಯ ಮಕ್ಕಳೆಲ್ಲ ಕಿಟಕಿಯ ಕಡೆ ತಿರುಗಿದರು. ಅವಳೂ ತಿರುಗಿದಳು. ತಿರುಗಿದವಳು ಹಾಗೇ ನಿಂತುಬಿಟ್ಟಳು. ಹೊಳೆಯ ಆಚೆ ದಡದಲ್ಲಿ, ಕೊಯ್ಲು ಮುಗಿದು ಬೋಳಾದ ಗದ್ದೆಗಳ ಕೊನೆಗೆ, ಊರಿನ ಬಿಸಿನೀರಿನ ಸ್ನಾನದಮನೆಯ ಮಾಡಿನಿಂದ ಬಿಳೀ ಹಬೆ ಏಳುತ್ತಿತ್ತು. ಆ ಹಬೆಯ ಕೆಳಗೆ, ನಿನ್ನೆ ಸಂಜೆ, ಮೈಗೊಂದು ಟವೆಲ್ಲು ಸುತ್ತಿಕೊಂಡು ನಿಂತಿದ್ದಾಗ, ಕಿನುಯೊ ಅಜ್ಜಿ ಸತ್ತು ಮೂರು ವಾರವಾಗಿದೆ ಎಂಬುದು ಅವಳಿಗೆ ತಿಳಿದುಹೋಗಿತ್ತು. ಯಾರೂ ತಿಳಿಸಬೇಕೆಂದು ಹೇಳಿದ್ದಲ್ಲ, ಮಾತಿನ ನಡುವೆ ತಿಳಿದುಹೋಗಿತ್ತು, ಅಷ್ಟೆ. ದಿನಾ ಬರುವವರು ತಮ್ಮ ತಮ್ಮ ಬೋಗುಣಿಯನ್ನು ಅಲ್ಲೇ ಗೂಡಿನಲ್ಲಿಟ್ಟು ಹೋಗುವುದು ರೂಢಿ. ಅಜ್ಜಿಯ ಹಳದಿ ಬೋಗುಣಿ ಇರುತ್ತಿದ್ದ ಗೂಡಿನಲ್ಲಿ ಬೇರೆ ಯಾರದೋ ಶಾಂಪೂ ಬಾಟಲಿ ಕಂಡು, ಗಲ್ಲಾಪೆಟ್ಟಿಗೆಯ ಬಳಿ ಕೂರುವ ಹಿಸಾಕೊಳನ್ನು ಕೇಳಿದ್ದಳು: ಅಜ್ಜಿಯ ಬೋಗುಣಿ ಎಲ್ಲಿ? ಹಿಸಾಕೊ ಕನ್ನಡಕದ ಮೇಲಿನಿಂದ ಈ ಇಂಗ್ಲಿಷ್ ಟೀಚರನ್ನು ನೋಡಿದಳು. "ಅದನ್ನ ಮನೆಯವ್ರು ಬಂದು ತಗೊಂಡು ಹೋದ್ರಲ್ಲ ಸೆನ್ಸೇ, ಅಂತ್ಯಕ್ರಿಯೆ ಆದ ಮಾರನೇ ದಿನಾನೇ," ಎಂದಳು. ಆಮೇಲೆ, ಎದುರಿಗಿದ್ದವರಿಗೆ ಮುಜುಗರವಾಗದಿರಲಿ ಎನ್ನುವ ದನಿಯಲ್ಲಿ, "ಚಳಿ ಜೋರಾಯ್ತು ಅಲ್ವಾ ಈ ವರ್ಷ?" ಎಂದಳು.

ಆಗ ವೆರೋನಾ ಮಾಡಿದ್ದನ್ನು ನೆನೆದರೆ ಈಗಲೂ, ಕೈಯಲ್ಲಿ ಸೂರ್ಯನ ಚಿತ್ರದ ರಟ್ಟು ಹಿಡಿದು ನಿಂತಿದ್ದಾಗಲೂ, ಕಿವಿ ಬಿಸಿಯಾಗುತ್ತಿತ್ತು. ಅವಳು "ಹೌದಲ್ಲ" ಎಂದಿದ್ದಳು. ಎಲ್ಲ ಗೊತ್ತಿರುವವಳ ಹಾಗೆ ತಲೆ ಆಡಿಸಿ, "ಹೌದಲ್ಲ, ಹೌದು, ಚಳಿ ಜೋರೇ" ಎಂದು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಮೈ ತೊಳೆದುಕೊಂಡಿದ್ದಳು. ಒಂಬತ್ತು ವರ್ಷ ಈ ಕಣಿವೆಯಲ್ಲಿ ಅವಳು ಕಲಿತ ವಿದ್ಯೆಯೆಂದರೆ ಇದು: ಗೊತ್ತಿಲ್ಲ ಎಂದು ಹೇಳಿ ಎದುರಿನವರನ್ನು ಪೇಚಿಗೆ ಸಿಕ್ಕಿಸಬಾರದು. ಬಂದ ಹೊಸದರಲ್ಲಿ ಅವಳು ಎಲ್ಲವನ್ನೂ ಕೇಳುತ್ತಿದ್ದಳು, ಯಾಕೆ, ಏನು, ಯಾವಾಗ ಆಯಿತು, ಈಗ ಹೇಗಿದ್ದಾರೆ ಎಂದು. ಜಮೈಕಾದಲ್ಲಿ ಅವಳ ಊರಿನಲ್ಲಿ ಕೇಳದವನನ್ನು ಕಲ್ಲೆದೆಯವನು ಎನ್ನುತ್ತಿದ್ದರು. ಇಲ್ಲಿ ಉಪಮುಖ್ಯೋಪಾಧ್ಯಾಯರು ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು, ಎರಡು ಕಿತ್ತಳೆಹಣ್ಣು ಕೈಗಿಟ್ಟು, "ಕೇಳದೇ ಇದ್ರೆ ಅವರೇ ಹೇಳ್ತಾರೆ ಸೆನ್ಸೇ, ಹೇಳಬೇಕು ಅನ್ನಿಸಿದಾಗ" ಎಂದಿದ್ದರು. ಎಷ್ಟು ಮೆತ್ತಗೆ ಎಂದರೆ, ಬೈದರು ಎಂದು ಅವಳಿಗೆ ಗೊತ್ತಾದದ್ದು ಮನೆಗೆ ಹೋಗಿ ಹಣ್ಣು ಸುಲಿಯುವಾಗ. ಅಂದಿನಿಂದ ನಾಲಿಗೆಗೆ ಕಡಿವಾಣ ಬಿತ್ತು. ಮೂರು ವಾರದ ಹಿಂದೆ ಕಿನುಯೊ ಅಜ್ಜಿ ಸ್ನಾನಕ್ಕೆ ಬರುವುದು ನಿಂತಾಗಲೂ ವೆರೋನಾ ಕೇಳಲಿಲ್ಲ. ಕಣ್ಣಿನ ಪೊರೆ ತೆಗೆಸಲು ಹಿರೋಷಿಮಾದ ಮಗಳ ಮನೆಗೆ ಹೋಗಬೇಕು ಎಂದು ಅಜ್ಜಿ ಗೊಣಗುತ್ತಿದ್ದುದು ನೆನಪಿತ್ತು. ಹೋಗಿರಬೇಕು ಅಂದುಕೊಂಡಳು. ಸ್ನಾನದಮನೆಯ ಹೆಂಗಸರು ಈ ಮೂರು ವಾರ ತನ್ನೊಡನೆ ಸ್ವಲ್ಪ ಹೆಚ್ಚೇ ಮರ್ಯಾದೆಯಿಂದ ಇದ್ದುದು ಅವಳಿಗೆ ಕಂಡಿತ್ತು. ತೋಫು ಅಂಗಡಿಯಾಕೆ, ಬಾಯಿ ತೆರೆದರೆ ಎಲ್ಲರೂ ಇಳಿದು ಕೂರುವ ಬಿಸಿನೀರಿನ ಕೊಳ ಅಲ್ಲಾಡುವಂತೆ ಮಾತಾಡುವವಳು, ವೆರೋನಾ ಇಳಿದ ಕೂಡಲೇ ಸರಿದು ಜಾಗ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದಕ್ಕೂ ಕಾರಣ ಕೇಳಲಿಲ್ಲ.

"ಸೆನ್ಸೇ, ಮೋಡ!" ಎಂದು ಮಕ್ಕಳು ಕೂಗಿದರು. ಅವಳು ಸೂರ್ಯನ ರಟ್ಟನ್ನು ತಲೆಕೆಳಗಾಗಿ ಹಿಡಿದಿದ್ದಳು. ಸೂರ್ಯನಿಗೆ ತಲೆಯೂ ಇಲ್ಲ ಕೆಳಗೂ ಇಲ್ಲ, ಆದರೆ ಆ ಚಿತ್ರಕ್ಕೆ ಕಣ್ಣು ಬಾಯಿ ಬರೆದಿದ್ದರಿಂದ ನಗುತ್ತಿದ್ದದ್ದು ಅಳುತ್ತಿತ್ತು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅವಳೂ ನಕ್ಕಳು, ಅದು ಅವಳ ಕೆಲಸವೇ ಆಗಿತ್ತು. ನಿನ್ನೆ ಮನೆಗೆ ಹೋದ ಮೇಲೆ, ಒದ್ದೆ ಕೂದಲಲ್ಲೇ, ಅಡಿಗೆಕೋಣೆಯ ಗೋಡೆಯ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ಈ ಊರಿನ ಪ್ರತಿ ಮನೆಯ ಗೋಡೆಗೂ ಹಳ್ಳಿ ಕಚೇರಿ ಸುದ್ದಿ ಸಾರುವ ಒಂದು ಬಿಳಿ ಪೆಟ್ಟಿಗೆ ಹಾಕಿಸಿಕೊಟ್ಟಿದೆ. ಕರಡಿ ಇಳಿದಿದೆ, ನಾಳೆ ನೀರು ಬರುವುದಿಲ್ಲ, ಇಂಥವರ ಮನೆಯ ಇಂಥವರು ತೀರಿಕೊಂಡರು, ಎಲ್ಲವೂ ಅದರಲ್ಲೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅದೇ ಎದ್ದು ಸಂಗೀತ ಹಾಕಿ ಊರನ್ನು ಎಬ್ಬಿಸುತ್ತದೆ. ಮೊದಲ ಚಳಿಗಾಲದಲ್ಲಿ, ಹೊದಿಕೆಯೊಳಗೆ ಒಬ್ಬಳೇ ನಡುಗುತ್ತ ಮಲಗಿದ್ದಾಗ ಆ ಸಂಗೀತ ತಡೆಯಲಾಗದೆ, ಅವಳು ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತುಹಾಕಿದ್ದಳು. ಆ ಮೇಲೆ ಅದರ ಮೇಲೊಂದು ಕ್ಯಾಲೆಂಡರು ತೂಗುಹಾಕಿದ್ದಳು. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಕ್ಯಾಲೆಂಡರು ಎತ್ತಿ ನೋಡಿದರೆ ಪೆಟ್ಟಿಗೆಯ ತಲೆಯ ಮೇಲೆ ಬೆರಳು ದಪ್ಪ ಧೂಳು. ಇತೊಹಾರಾ ಮನೆಯ ಕಿನುಯೊ ತೀರಿಕೊಂಡರು ಎಂದು ಈ ಕಣಿವೆಯ ಎಲ್ಲ ಅಡಿಗೆಮನೆಗಳಲ್ಲೂ ಹೇಳಿದ್ದಾರೆ, ತನ್ನ ಅಡಿಗೆಮನೆಯೊಂದನ್ನು ಬಿಟ್ಟು. ಎಲ್ಲರೂ ತಿಳಿದದ್ದು ಒಂದೇ: ಬೆರೋನಾ ಸೆನ್ಸೇ ಕೇಳಿದ್ದಾರೆ, ಆದರೂ ಬರಲಿಲ್ಲ.

ಬೆರೋನಾ ಎಂದೇ ಇಲ್ಲಿ ಅವಳ ಹೆಸರು. ಬೆರೋನಾ ಸೆನ್ಸೇಯನ್ನು ಈ ಊರು ತಲೆಯ ಮೇಲೆ ಕೂರಿಸಿಕೊಂಡಿತ್ತು. ಕೆಳಕ್ಕೆ ಮಾತ್ರ ಇಳಿಸಲೇ ಇಲ್ಲ. ಕ್ರೀಡೋತ್ಸವದಲ್ಲಿ ಅವಳಿಗೆ ನೆರಳಿನಲ್ಲಿ ಕುರ್ಚಿ. ಶಾಲೆಯ ಔತಣದಲ್ಲಿ ಮುಖ್ಯೋಪಾಧ್ಯಾಯರ ಪಕ್ಕದ ಜಾಗ, ಹಸಿಮೀನು ತಿನ್ನುತ್ತಾರೋ ಇಲ್ಲವೋ ಎಂದು ಪ್ರತಿವರ್ಷವೂ ಅದೇ ಆತಂಕ. ವಸಂತದಲ್ಲಿ ಊರಿನವರೆಲ್ಲ ಸೇರಿ ಗದ್ದೆ ಕಾಲುವೆಯ ಹೂಳು ತೆಗೆಯುವ ದಿನ ಅವಳು ರಬ್ಬರು ಬೂಟು ಹಾಕಿಕೊಂಡು ಹೋದರೆ, ಸಲಿಕೆ ಕೈಗೆ ಸಿಗುವ ಮೊದಲೇ ಟೀ ಸಿಗುತ್ತಿತ್ತು. "ನೀವು ಕೂತ್ಕೊಳ್ಳಿ ಸೆನ್ಸೇ, ಬಂದಿದ್ದೇ ಸಂತೋಷ." ಮೊದಮೊದಲು ಅವಳಿಗೆ ಅದು ಪ್ರೀತಿ ಅನ್ನಿಸಿತ್ತು. ಪ್ರೀತಿಯೂ ಹೌದು. ಆದರೆ ನಾಲ್ಕನೇ ವಸಂತದಲ್ಲೂ ಅದೇ ಟೀ ಕುಡಿಯುತ್ತ, ಎಂಬತ್ತು ದಾಟಿದ ಮುದುಕರು ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದನ್ನು ದಂಡೆಯ ಮೇಲಿಂದ ನೋಡುತ್ತ, ತನಗೊಂದು ಸಲಿಕೆ ಕೊಡಿ ಎಂದು ಅತ್ತುಬಿಡಬೇಕು ಅನ್ನಿಸಿತ್ತು. ಈ ಊರಿನಲ್ಲಿ ಅವಳನ್ನು ಗದರಿದ್ದು ಕಿನುಯೊ ಅಜ್ಜಿ ಒಬ್ಬಳೇ. ಮೊದಲ ಸಲ ಸ್ನಾನದಮನೆಗೆ ಹೋದ ದಿನ, ಹೆಂಗಸರೆಲ್ಲ ನೋಡಿಯೂ ನೋಡದಂತೆ ಕಣ್ಣು ತಗ್ಗಿಸಿ ಕೂತಿದ್ದಾಗ, ಒಂದು ಕಾಲನ್ನು ಕೊಳಕ್ಕೆ ಇಳಿಬಿಟ್ಟಿದ್ದಳೋ ಇಲ್ಲವೋ, ಮೂಲೆಯಿಂದ ಒಂದು ದನಿ ಬಂದಿತ್ತು: "ಏಯ್ ಹುಡುಗಿ! ಸೋಪು ನೊರೆ ಹಂಗೇ ಐತಲ್ಲ ಕಾಲ್ಮೇಲೆ! ನಾವೆಲ್ಲ ಇಳಿಯೋ ನೀರದು. ಹೋಗು, ಸರಿಯಾಗಿ ತೊಳ್ಕೊಂಡು ಬಾ." ಉಳಿದವರು ಉಸಿರು ಬಿಗಿಹಿಡಿದಿದ್ದರು. ವೆರೋನಾ ಮರಳಿ ಹೋಗಿ ಸ್ಟೂಲಿನ ಮೇಲೆ ಕೂತಳು. ಆ ಮುದುಕಿ ಹಿಂದೆಯೇ ಬಂದು, "ಬೆನ್ನೂ ಇದೇ ಬಣ್ಣಾನಾ? ತಿರುಗು ನೋಡಾಣ. ಹೂಂ, ಚೆನ್ನಾಗೈತೆ, ಆದ್ರೆ ಕೈ ಎಟುಕದ ಕಡೆ ಕೊಳೆ ಬಿಟ್ಕೊಂಡಿದೀಯ" ಎಂದು ಒರಟು ಬಟ್ಟೆಯಿಂದ ಉಜ್ಜತೊಡಗಿದ್ದಳು. ವೆರೋನಾಳ ಕಣ್ಣಲ್ಲಿ ನೀರು ಬಂತು. ಉಜ್ಜಿದ್ದಕ್ಕೆ ಅಂದುಕೊಂಡಿದ್ದಳು ಆಗ.

ಮಧ್ಯಾಹ್ನದ ಊಟದ ತಟ್ಟೆಗಳನ್ನು ಮಕ್ಕಳು ಎತ್ತಿಡುತ್ತಿದ್ದಾಗ ಅವಳು ಶಿಕ್ಷಕರ ಕೋಣೆಗೆ ಹೋದಳು. ಉಪಮುಖ್ಯೋಪಾಧ್ಯಾಯ ಮೊರಿವಾಕಿ ಮೇಜಿನ ಮೇಲೆ ಹಲ್ಲುಜ್ಜುವ ಬ್ರಷ್ಷು ಒಣಗಲು ಇಟ್ಟು ಕೂತಿದ್ದರು. ಕಿತ್ತಳೆಹಣ್ಣು ಕೊಟ್ಟವರಿಗಿಂತ ಆಮೇಲೆ ಬಂದವರು ಇವರು, ಆದರೆ ಅದೇ ಮೆತ್ತನೆಯ ಮನುಷ್ಯ. ಇತೊಹಾರಾ ಅವರ ಮನೆಗೆ ಇವತ್ತು ಹೋಗಬೇಕೆಂದಿದ್ದೇನೆ, ಏನು ತೆಗೆದುಕೊಂಡು ಹೋಗಲಿ ಎಂದು ಕೇಳಿದಳು. ಮೊರಿವಾಕಿಯ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಅವರಿಗೂ ಗೊತ್ತಿದೆ. ಕಣಿವೆಗೆಲ್ಲ ಗೊತ್ತಿದೆ.

"ಹೋಗಲೇಬೇಕು ಅಂತೇನಿಲ್ಲ ಸೆನ್ಸೇ," ಎಂದರು. "ಯಾರೂ ತಪ್ಪು ತಿಳ್ಕೊಳ್ಳಲ್ಲ."

"ತಪ್ಪು ತಿಳಿದುಕೊಂಡಿದ್ದಾರೆ ಅಂತ ನನಗೆ..."

"ಇಲ್ಲ ಇಲ್ಲ, ಹಾಗಲ್ಲ." ಎರಡೂ ಕೈ ಅಲ್ಲಾಡಿಸಿದರು. "ನಿಮ್ಮ ದೇಶದ ಪದ್ಧತಿ ಬೇರೆ, ಇಲ್ಲಿನದು ಬೇರೆ. ಅದನ್ನ ಎಲ್ರೂ ಬಲ್ಲರು. ಹೋಗೋದೇ ಆದ್ರೆ ಊದುಬತ್ತಿ ಸಾಕು. ಹೊಗೆ ಕಮ್ಮಿ ಇರೋದು. ನಾನು ಜೊತೆಗೆ ಬರ್ಲಾ? ಮಾತಿಗೆ ತೊಡಕಾದ್ರೆ."

ಒಂಬತ್ತು ವರ್ಷದಿಂದ ಅವರದೇ ಭಾಷೆಯಲ್ಲಿ ಮಾತಾಡುತ್ತಿದ್ದವಳು "ಬೇಡ, ತುಂಬಾ ಉಪಕಾರ" ಎಂದು ಬಗ್ಗಿ ನಮಸ್ಕರಿಸಿ ಹೊರಬಂದಳು. ನಮ್ಮ ದೇಶದ ಪದ್ಧತಿ! ಅವಳ ಊರಿನಲ್ಲಿ ಸತ್ತ ಮನೆಗೆ ಯಾರನ್ನೂ ಕರೆಯುವುದಿಲ್ಲ, ಯಾರೂ ಬರದೆ ಇರುವುದೂ ಇಲ್ಲ. ಒಂಬತ್ತು ರಾತ್ರಿ ಆ ಅಂಗಳ ಮಲಗುವುದಿಲ್ಲ. ಸತ್ತವನ ಸಾಲಗಾರರೂ ಬರುತ್ತಾರೆ, ಸತ್ತವನೊಡನೆ ಮಾತು ಬಿಟ್ಟವರೂ ಬರುತ್ತಾರೆ, ಹುರಿದ ಮೀನು ತಿಂದು, ರಮ್ಮು ಕುಡಿದು, ಮೇಜು ಮುರಿಯುವಂತೆ ಡಾಮಿನೋ ಬಿಲ್ಲೆ ಬಡಿದು, ಹಾಡಿ, ಸತ್ತವನ ಕೆಟ್ಟಗುಣಗಳನ್ನೆಲ್ಲ ಎತ್ತಿ ಆಡಿ ನಕ್ಕು, ಕೊನೆಯ ರಾತ್ರಿ ಅವನ ಹಾಸಿಗೆ ತಿರುವಿ ಹಾಕಿ ಹೋಗು ಮಾರಾಯ ಇನ್ನು ಎಂದು ಕಳಿಸುತ್ತಾರೆ. ಅವಳ ಅಮ್ಮನನ್ನು ಹಾಗೆ ಕಳಿಸುವಾಗ ಅವಳು ಇಲ್ಲಿದ್ದಳು. ಎಲ್ಲ ದೇಶಗಳೂ ರೋಗದ ಭಯಕ್ಕೆ ಬಾಗಿಲು ಹಾಕಿಕೊಂಡಿದ್ದ ವರ್ಷ ಅದು. ಹೋದರೆ ಮರಳಿ ಬರುವಂತಿರಲಿಲ್ಲ. ತಮ್ಮ ಫೋನನ್ನು ಅಂಗಳದ ಮಾವಿನ ಮರಕ್ಕೆ ಕಟ್ಟಿದ್ದ. ಪರದೆಯಲ್ಲಿ ಯಾರದೋ ಭುಜ, ಯಾರದೋ ನಗು, ಹಿಂದೆ ಹಾಡು. ಅಕ್ಕಾ ಕೇಳಿಸ್ತಾ, ಅಕ್ಕಾ ಕೇಳಿಸ್ತಾ ಎಂದು ತಮ್ಮ ಕೂಗುತ್ತಿದ್ದ. ಇಲ್ಲಿ ಬೆಳಗಾಗಿತ್ತು, ಶಾಲೆಗೆ ಹೊತ್ತಾಗಿತ್ತು. ಅವಳು ಶಾಲೆಗೆ ಹೋಗಿ ಹಣ್ಣುಗಳ ಹೆಸರು ಕಲಿಸಿದಳು. ಮಾವಿನಹಣ್ಣೂ ಅದರಲ್ಲಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ರಜೆ ಕೊಡುತ್ತಿದ್ದರು, ಹೂವು ಕಳಿಸುತ್ತಿದ್ದರು, ಎರಡು ವಾರ ಅವಳ ಮುಂದೆ ಮೆಲುದನಿಯಲ್ಲಿ ಮಾತಾಡುತ್ತಿದ್ದರು.

ಆ ಸಂಜೆ ಸ್ನಾನದಮನೆಯಲ್ಲಿ, ಅಜ್ಜಿಗೆ ಬೆನ್ನು ಕೊಟ್ಟು ಕೂತಿದ್ದಾಗ, ಗೋಡೆಯ ನಲ್ಲಿಗೆ ಹೇಳಿದ ಹಾಗೆ ಹೇಳಿದ್ದಳು: ಅಮ್ಮ ಹೋದಳು. ಬೆನ್ನ ಮೇಲಿನ ಕೈ ನಿಂತಿತು. ಅಯ್ಯೋ ಎನ್ನಲಿಲ್ಲ, ಯಾವಾಗ ಎನ್ನಲಿಲ್ಲ. ಬೋಗುಣಿ ತುಂಬ ಬಿಸಿನೀರು ಹೆಗಲ ಮೇಲೆ ಸುರಿದು, ಮತ್ತೆ ಮೊದಲಿನಿಂದ ಸೋಪು ಹಚ್ಚಿ, ಇನ್ನೊಂದು ಸಲ ಪೂರ್ತಿ ಬೆನ್ನು ತೊಳೆದಳು. ನಂತರ ತಾನು ತಿರುಗಿ ಕೂತು, "ಈಗ ನನ್ನದು," ಎಂದಳು. "ನಾನು ಸತ್ತಾಗ್ಲೂ ಇದು ನಿಂದೇ ಕೆಲ್ಸ ತಿಳೀತಾ. ನಮ್ಮನೇಲಿ ಇನ್ನೂ ಮನೆಯವ್ರೇ ತೊಳ್ಯೋದು, ಹೆಣ ತೊಳ್ಯೋ ಕಂಪನಿಯವ್ರನ್ನ ಕರ್ಸಲ್ಲ. ಗುರುತಿಲ್ಲದ ಕೈ ನನ್ನ ಬೆನ್ನು ಮುಟ್ಟಬಾರ್ದು." ವೆರೋನಾ ನಕ್ಕಿದ್ದಳು. "ಆಗಲಿ ಅಜ್ಜಿ, ಸೋಪು ಮಾತ್ರ ನಿಮ್ಮದು." "ಸೋಪು ಹಾಕಲ್ಲ ಕಣೇ ಪೆದ್ದಿ, ಬರೀ ನೀರು," ಎಂದು ಅಜ್ಜಿಯೂ ನಕ್ಕಳು. ತಮಾಷೆ ಅಂದುಕೊಂಡಿದ್ದಳು ವೆರೋನಾ. ಎಲ್ಲೋ ಒಳಗೆ, ತಮಾಷೆಯಲ್ಲ ಎಂದೂ ಗೊತ್ತಿತ್ತು. ಈ ಊರು ತನಗೆ ಕೊಟ್ಟ ಒಂದೇ ಒಂದು ಕೆಲಸ ಅದು. ಆ ಕೆಲಸದ ದಿನ ತಾನು ಮನೆಯಲ್ಲಿ ಕಾಲು ಚಾಚಿ ಕೂತು ನೂಡಲ್ಸ್ ತಿನ್ನುತ್ತಿದ್ದೆನೋ ಏನೋ, ಗೋಡೆಯ ಮೇಲೆ ಸತ್ತ ಪೆಟ್ಟಿಗೆ ಇಟ್ಟುಕೊಂಡು.

ಶಾಲೆ ಬಿಟ್ಟ ಮೇಲೆ ಅವಳು ಹೊಗೆ ಕಡಿಮೆಯ ಊದುಬತ್ತಿ ಕೊಂಡು, ಸೇತುವೆ ದಾಟಿ, ಏರುದಾರಿ ಹಿಡಿದಳು. ಇತೊಹಾರಾ ಮನೆ ದೂರದಿಂದ ಅವಳಿಗೆ ಗೊತ್ತಿತ್ತು, ಒಳಗೆ ಯಾವತ್ತೂ ಹೋಗಿರಲಿಲ್ಲ. ಅಜ್ಜಿ ಕರೆದಿರಲಿಲ್ಲ. ಕರೆದರೆ ಸೊಸೆ ಮೂರು ದಿನ ಮುಂಚಿನಿಂದ ಮನೆ ಗುಡಿಸಬೇಕಾಗುತ್ತದೆ, ಬೇಡ ಎನ್ನುತ್ತಿದ್ದಳು. ದಾರಿಯುದ್ದಕ್ಕೂ ವೆರೋನಾ ಒಂದೇ ವಾಕ್ಯವನ್ನು ಬಾಯಲ್ಲಿ ಹೊರಳಿಸುತ್ತಿದ್ದಳು: ನನಗೆ ಗೊತ್ತಿರಲಿಲ್ಲ. ಎಷ್ಟು ಸುಲಭದ ಮಾತು. ಆದರೆ ಅದನ್ನು ಹೇಳಿದ ಕ್ಷಣ ಅದೊಂದು ದೂರು ಆಗುತ್ತದೆ. ನೀವ್ಯಾರೂ ನನಗೆ ತಿಳಿಸಲಿಲ್ಲ ಎಂದಾಗುತ್ತದೆ. ಹಿಸಾಕೊ ಎದೆ ಹೊಡೆದುಕೊಳ್ಳುತ್ತಾಳೆ, ತೋಫು ಅಂಗಡಿಯಾಕೆ ಮನೆ ಬಾಗಿಲಿಗೆ ಬಂದು ತಲೆ ಬಗ್ಗಿಸುತ್ತಾಳೆ, ಹಳ್ಳಿ ಕಚೇರಿಯವರು ಪೆಟ್ಟಿಗೆ ನೋಡಲು ಬರುತ್ತಾರೆ. ಸತ್ತವಳ ಮನೆಗೆ ಹೋಗಿ ತನ್ನ ತಪ್ಪಿಲ್ಲವೆಂದು ವಾದ ಮಾಡುವುದೆಂದರೆ! ಈ ಊರಿನ ಹೆಂಗಸಾಗಿದ್ದರೆ ಏನು ಮಾಡುತ್ತಿದ್ದಳು? ಸುಮ್ಮನೆ ಹಣೆ ನೆಲಕ್ಕೆ ಹಚ್ಚಿ, ಬರಲಾಗಲಿಲ್ಲ, ಕ್ಷಮಿಸಿ ಎನ್ನುತ್ತಿದ್ದಳು. ನುಂಗಿಕೊಳ್ಳುತ್ತಿದ್ದಳು. ಹಾಗಾದರೆ ತಾನೂ ನುಂಗಿಕೊಳ್ಳುತ್ತೇನೆ ಎಂದು ವೆರೋನಾ ತೀರ್ಮಾನಿಸಿದಳು. ಹಾಗೆ ತೀರ್ಮಾನಿಸಿದಾಗ ಎದೆಯಲ್ಲಿ ನೋವಿನ ಜೊತೆಗೆ ಒಂದು ಸಣ್ಣ ಹೆಮ್ಮೆಯೂ ಇತ್ತು. ಆ ಹೆಮ್ಮೆಗೆ ಅವಳಿಗೇ ನಾಚಿಕೆಯಾಯಿತು.

ಬಾಗಿಲು ತೆರೆದದ್ದು ಸೊಸೆ ಅತ್ಸುಕೊ. ಅರವತ್ತರ ಹತ್ತಿರದ, ಸಣ್ಣ ಮೈಯ, ಏಪ್ರನ್ನು ಕಟ್ಟಿದ ಹೆಂಗಸು. ವೆರೋನಾಳನ್ನು ಕಂಡು ಅವಳ ಕೈ ತಾನಾಗಿ ಏಪ್ರನ್ನಿನ ಗಂಟಿಗೆ ಹೋಯಿತು. "ಅಯ್ಯೋ ಸೆನ್ಸೇ, ಇಷ್ಟು ದೂರ, ಈ ಚಳಿಯಲ್ಲಿ," ಎನ್ನುತ್ತ ಒಳಗೆ ಕರೆದು, ಕೂರಲು ದಿಂಬು ಹಾಕಿ, ಮತ್ತೆ ಅದನ್ನು ತೆಗೆದು ಇನ್ನೂ ದಪ್ಪದ ದಿಂಬು ಹಾಕಿದಳು. ಒಳಕೋಣೆಯ ಪೀಠದ ಮೇಲೆ, ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯಲ್ಲಿ ಅಸ್ಥಿ. ಪಕ್ಕದಲ್ಲಿ ಫೋಟೋ. ಫೋಟೋದಲ್ಲಿ ಅಜ್ಜಿ ಕುತ್ತಿಗೆ ಮುಚ್ಚುವ ಬಟ್ಟೆ ಉಟ್ಟು, ತುಟಿ ಬಿಗಿದು ಕೂತಿದ್ದಳು. ಬಟ್ಟೆ ಉಟ್ಟ ಅಜ್ಜಿಯನ್ನು ತಾನು ನೋಡಿದ್ದೇ ಕಡಿಮೆ ಎಂದು ವೆರೋನಾಳಿಗೆ ಹೊಳೆಯಿತು. ಗುರುತೇ ಹತ್ತಲಿಲ್ಲ ಒಂದು ಕ್ಷಣ. ಊದುಬತ್ತಿ ಹಚ್ಚಿ, ಗಂಟೆ ತಟ್ಟಿ, ಕೈ ಜೋಡಿಸಿದಳು. ಆಮೇಲೆ ತಿರುಗಿ, ದಿಂಬಿನಿಂದ ಕೆಳಗಿಳಿದು, ಎರಡೂ ಕೈಯನ್ನು ಚಾಪೆಗೆ ಊರಿ ಹಣೆ ಹಚ್ಚಿದಳು.

"ಬರಲಾಗಲಿಲ್ಲ. ದಯವಿಟ್ಟು ಕ್ಷಮಿಸಿ."

"ಏಳಿ ಸೆನ್ಸೇ, ಏಳಿ, ಛೇ." ಅತ್ಸುಕೊ ಟೀ ಬಸಿದಳು. "ಅತ್ತೆ ಹೇಳಿಟ್ಟಿದ್ರು. ಬೆನ್ನನ್ನ ಬೆರೋನಾ ತೊಳೀತಾಳೆ, ನೀನು ಕೈಕಾಲು ತೊಳಿ, ಸಾಕು ಅಂತ. ನಾವೂ ನೀರು ಕಾಯಿಸಿಟ್ಟು ಕಾದ್ವಿ. ಆರಿಹೋಯ್ತು, ಇನ್ನೊಂದು ಸಲ ಕಾಯಿಸ್ದೆ." ಲೋಟವನ್ನು ವೆರೋನಾಳ ಮುಂದೆ ಸರಿಸಿದಳು. "ಆದ್ರೆ ನೀವೇನೂ ಮನಸ್ಸಿಗೆ ಹಚ್ಕೋಬೇಡಿ. ಹೊರದೇಶದವ್ರು ನೀವು. ಹೆಣ ಮುಟ್ಟೋದು ಅಂದ್ರೆ ಹೆದರಿಕೆ ಆಗದೆ ಇರುತ್ತಾ? ಅತ್ತೆ ಕೇಳಬಾರದ್ದು ಕೇಳಿದ್ರು. ವಯಸ್ಸಾಗಿತ್ತು. ನಮ್ಮವ್ರಾಗಿದ್ರೆ ಸರಿ, ಹೊರಗಿನವ್ರ ಹತ್ರ ಅಂಥದ್ದನ್ನ... ನಮಗೆಲ್ಲ ಅರ್ಥ ಆಗುತ್ತೆ ಸೆನ್ಸೇ. ಊರಲ್ಲಿ ಯಾರೂ ಏನೂ ಅಂದ್ಕೊಂಡಿಲ್ಲ."

ವೆರೋನಾ ಟೀ ಲೋಟ ಎತ್ತಿದಳು. ಕುಡಿಯಲಾಗಲಿಲ್ಲ. ಊರಿನವಳಂತೆ ನುಂಗಿಕೊಳ್ಳಲು ಬಂದವಳಿಗೆ ಸಿಕ್ಕಿದ್ದು ಇದು. ನುಂಗಿದ್ದಕ್ಕೇ ಹೊರಗಿನವಳಾದಳು. ಇನ್ನು ಎಷ್ಟು ವರ್ಷ ಇಲ್ಲಿದ್ದರೂ, ಹಲ್ಲು ಬಿದ್ದು ಇಲ್ಲೇ ಸತ್ತರೂ, ಹೆಣಕ್ಕೆ ಹೆದರಿ ಅಜ್ಜಿಯ ಬೆನ್ನು ಬಿಟ್ಟುಹೋದ ಹೆಂಗಸು ಅವಳು. ಮತ್ತು ಅದನ್ನು ಎಲ್ಲರೂ ಕ್ಷಮಿಸಿರುತ್ತಾರೆ. ಲೋಟವನ್ನು ಕೆಳಗೆ ಕುಕ್ಕಿದ ರಭಸಕ್ಕೆ ಟೀ ಚೆಲ್ಲಿತು.

"ಹೆದರಿಕೆಯಲ್ಲ," ಎಂದಳು. ಶಾಲೆಯಲ್ಲಿ ಕಲಿತ ನಾಜೂಕಿನ ಮಾತು ಬಾಯಿಗೆ ಬರಲಿಲ್ಲ; ಬಂದದ್ದು ಸ್ನಾನದಮನೆಯಲ್ಲಿ ಕಲಿತದ್ದು. "ಗೊತ್ತಿರ್ಲಿಲ್ಲ ನಂಗೆ! ನಿನ್ನೆ ಗೊತ್ತಾಯ್ತು. ಪೆಟ್ಟಿಗೆ ಪ್ಲಗ್ಗು ಕಿತ್ತು ಹಾಕಿದ್ದೆ, ಬಂದ ವರ್ಷಾನೇ. ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಹಿರೋಷಿಮಾಕ್ಕೆ ಹೋಗ್ಯಾಳೆ ಅಂದ್ಕಂಡಿದ್ದೆ. ಗೊತ್ತಿದ್ರೆ ಬರ್ತಿರ್ಲಿಲ್ವಾ? ದಾರಿ ಪೂರ್ತಿ ಓಡ್ಕೊಂಡು ಬರ್ತಿರ್ಲಿಲ್ವಾ ನಾನು?"

ಅತ್ಸುಕೊ ಅವಳನ್ನೇ ನೋಡುತ್ತಿದ್ದಳು. ಮನೆಯಲ್ಲಿ ಮೂರು ವಾರದಿಂದ ಕೇಳದಿದ್ದ ಅತ್ತೆಯ ಮಾತಿನ ಧಾಟಿ ಈ ಕಪ್ಪು ಹೆಂಗಸಿನ ಬಾಯಿಂದ ಬಂದದ್ದಕ್ಕೋ ಏನೋ, ಅವಳ ಮುಖದ ಮೇಲಿನ ಆದರದ ನಗು ನಿಧಾನವಾಗಿ ಕರಗಿತು. ಬಟ್ಟೆ ತಂದು ಚೆಲ್ಲಿದ ಟೀ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ನಿಮ್ಮ ನಂಬರ್ ಫೋನಿನ ಪಕ್ಕದಲ್ಲೇ ಅಂಟಿಸಿದ್ರು ಅತ್ತೆ," ಎಂದಳು. ತಲೆ ಎತ್ತಲಿಲ್ಲ. "ನಮ್ಮ ಯಜಮಾನ್ರು ಕೇಳಿದ್ರು, ಸೆನ್ಸೇಗೆ ಒಂದು ಫೋನ್ ಮಾಡ್ಲಾ ಅಂತ. ನಾನೇ ಬೇಡ ಅಂದೆ. ಪ್ರಸಾರದಲ್ಲಿ ಹೇಳಿದಾರೆ, ಬರೋರಾದ್ರೆ ಬರ್ತಾರೆ, ನಾವು ಒತ್ತಾಯ ಮಾಡಿದ ಹಾಗಾಗಬಾರ್ದು ಅಂದೆ." ಒರೆಸುವುದನ್ನು ನಿಲ್ಲಿಸಿದಳು. "ಅದು ಸುಳ್ಳು. ಬರದೇ ಇರ್ಲಿ ಅಂತಿದ್ದೆ ಸೆನ್ಸೇ. ಎರಡನೇ ಸಲ ನೀರು ಕಾಯೋವಾಗ ಒಲೆ ಮುಂದೆ ನಿಂತು ಅದನ್ನೇ ಬೇಡ್ಕೊಂಡೆ. ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷ. ಮೂರು ಹೊತ್ತೂ ಅವರ ಅನ್ನ ನಾನು ಬಡಿಸಿದೀನಿ. ಇಲ್ಲೇ ನಾನು ನೀರು ಕಾಯಿಸಿದ್ರೂ ದಿನಾ ಸಂಜೆ ಅಲ್ಲಿಗೇ ಹೋಗ್ತಿದ್ರು. ಕೊನೆಗೆ ಬೆನ್ನನ್ನೂ ನಿಮಗೇ ಕೊಟ್ರು. ನನಗೆ ಕೈಕಾಲು."

ಅವಳೂ ಚಾಪೆಯ ಮೇಲೆ ಹಣೆ ಹಚ್ಚಿದಳು. ವೆರೋನಾಳಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಮುಂದೆ ಬಗ್ಗಿದ ಆ ಸಣ್ಣ ಬೆನ್ನು, ಏಪ್ರನ್ನಿನ ದಾರ ಅಡ್ಡಲಾಗಿ ಗಂಟು ಹಾಕಿಕೊಂಡಿದ್ದ ಆ ಬೆನ್ನು ಕಂಡಾಗ, ಮೂವತ್ತೈದು ವರ್ಷದಲ್ಲಿ ಇದನ್ನು ಯಾರಾದರೂ ತೊಳೆದಿದ್ದಾರೆಯೇ ಎಂಬ ಯೋಚನೆ ಎಲ್ಲಿಂದಲೋ ಬಂತು. ವೆರೋನಾ ಕೈ ಚಾಚಿ ಅವಳ ಭುಜ ಮುಟ್ಟಿದಳು. ಸ್ನಾನದಮನೆಯ ಹೊರಗೆ ಈ ಊರಿನಲ್ಲಿ ಅವಳು ಯಾರನ್ನೂ ಮುಟ್ಟಿರಲಿಲ್ಲ.

"ಚೆನ್ನಾಗಿ ತೊಳೆದ್ರಾ?" ಎಂದು ಕೇಳಿದಳು.

ಅತ್ಸುಕೊ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು. "ತೊಳೆದೆ. ಮಗ್ಗುಲಿಗೆ ಹೊರಳಿಸಿ, ಬಿಸಿ ಬಟ್ಟೆಯಲ್ಲಿ." ಬಾಗಿಲ ಕಡೆ ನೋಡಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ದನಿ ಇಳಿಸಿದಳು. "ಸೆನ್ಸೇ, ಒಂದು ಮಾತು. ಊರವ್ರನ್ನ ಕೇಳೋಕಾಗಲ್ಲ. ಒಂದೇ ಮನೇಲಿದ್ದು ಇವಳಿಗೆ ಗೊತ್ತಿಲ್ವಾ ಅಂತಾರೆ. ನಿಮ್ಮನ್ನಾದ್ರೆ ಕೇಳಬಹುದು. ಅವರ ಬೆನ್ನಿನ ಮೇಲೆ, ಎಡಗಡೆ, ಇಷ್ಟಗಲ ಸುಟ್ಟ ಗಾಯದ ಕಲೆ. ನಾನು ನೋಡಿದ್ದೇ ಅವತ್ತು."

ವೆರೋನಾ ಅಂಗೈಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಆ ಕಲೆ ಅವಳ ಅಂಗೈಗೆ ಗೊತ್ತಿತ್ತು. ಅಲ್ಲಿ ಚರ್ಮ ನುಣ್ಣಗೆ, ಕಾಗದದಷ್ಟು ತೆಳ್ಳಗೆ. ಬಟ್ಟೆ ಹಾಕಿ ಉಜ್ಜದೆ ಬರಿಗೈಯಲ್ಲಿ ಸವರಬೇಕು, ನೀರು ಹೆಚ್ಚು ಬಿಸಿಯಿದ್ದರೆ ಅಜ್ಜಿ ಅಲ್ಲಿ ಮಾತ್ರ ಬೆಚ್ಚುತ್ತಿದ್ದಳು.

"ಅಮ್ಮನ ಜೊತೆ ಸ್ನಾನ ಮಾಡ್ತಿದ್ದ ಚಿಕ್ಕ ವಯಸ್ಸಲ್ಲಿ ಇರ್ಲಿಲ್ಲ ಅಂತಾರೆ ಯಜಮಾನ್ರು," ಅತ್ಸುಕೊ ಹೇಳುತ್ತಿದ್ದಳು. "ಅಂದ್ರೆ ಆಮೇಲೆ ಆಗಿದ್ದು. ನಾನು ಈ ಮನೆಗೆ ಬಂದ ಮೇಲೆ. ನಾನು ಹೆರಿಗೆಗೆ ತವರಿಗೆ ಹೋಗಿ ಎರಡು ತಿಂಗಳು ಇರ್ಲಿಲ್ಲ, ಆಗ ಮಾವ ಇನ್ನೂ ಇದ್ರು, ಕುಡಿತ ಜೋರಿತ್ತು. ಬೆನ್ನಿನ ಮೇಲೆ ಬಿಸಿನೀರು ತಾನಾಗೇ ಬೀಳಲ್ಲ ಅಲ್ವಾ ಸೆನ್ಸೇ? ಅದಾದ ಮೇಲೇನೇ ಅತ್ತೆ ಮನೇಲಿ ಸ್ನಾನ ಬಿಟ್ಟಿದ್ದು, ಈಗ ಕೂಡಿಸಿ ನೋಡಿದ್ರೆ ಹಾಗೇ ಕಾಣುತ್ತೆ. ನಾನು ಕಾಯಿಸಿದ ನೀರು ಇಷ್ಟ ಆಗಲ್ಲ ಅಂದ್ಕೊಂಡು ಇಷ್ಟು ವರ್ಷ ಸಿಟ್ಟು ಮಾಡ್ಕೊಂಡೆ." ಅವಳು ವೆರೋನಾಳ ಹತ್ತಿರಕ್ಕೆ, ಮಂಡಿಯ ಮೇಲೆ, ಒಂದು ಗೇಣು ಸರಿದಳು. "ನಿಮಗೆ ಹೇಳಿರ್ತಾರೆ. ದಿನಾ ತೊಳೀತಿದ್ರಲ್ಲ ನೀವು. ಹೇಗಾಯ್ತಂತೆ ಅದು?"

ಮುಖವೆಲ್ಲ ಕಣ್ಣಾಗಿ ಅವಳು ಕಾಯುತ್ತಿದ್ದಳು. ಮೊದಲ ಸಲ ಆ ಕಲೆಯ ಮೇಲೆ ಕೈ ಹೋದಾಗ ಅಜ್ಜಿ ಮಾತು ನಿಲ್ಲಿಸಿ, ಹೆಗಲನ್ನು ಸ್ವಲ್ಪ ತಿರುಗಿಸಿ ಕೂತದ್ದು ವೆರೋನಾಳಿಗೆ ನೆನಪಾಯಿತು. ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ಏನನ್ನೋ ಕಾಯುತ್ತಿದ್ದಳು, ಈಗ ಗೊತ್ತಾಗುತ್ತಿತ್ತು. ವೆರೋನಾ ಆಗ ಬಿಸಿನೀರು ಸುರಿದು, ತಾನು ಎಷ್ಟು ಚೆನ್ನಾಗಿ ಈ ಊರಿನ ನಡತೆ ಕಲಿತಿದ್ದೇನೆ ಎಂದು ಒಂದಿಷ್ಟು ಬೀಗುತ್ತ, ಚಳಿಯ ಮಾತು ಎತ್ತಿದ್ದಳು.

"ನಾನು ಕೇಳಲಿಲ್ಲ," ಎಂದಳು.

ಅತ್ಸುಕೊ ಅರ್ಥವಾಗದವಳಂತೆ ನೋಡಿದಳು. ಆಮೇಲೆ ಹಿಂದಕ್ಕೆ ಸರಿದು ಹಿಮ್ಮಡಿಯ ಮೇಲೆ ಕೂತಳು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು.

"ಇಬ್ಬರಲ್ಲಿ ಒಬ್ಬರಾದ್ರೂ ಕೇಳಬೇಕಿತ್ತು," ಎಂದಳು.